ಮಲೆನಾಡಿಂದ ಕಾಶಿಗೆ ಕಾರಲ್ಲಿ ಹೋಗೋರು ಮೊದ್ಲು ಒಂದು ಗಾಳಿ ಪಂಪ್ ತಗೊಳ್ಳಿ

ಇಲ್ಲದೇ ಇರೋ ಪಂಚರ್‌ಗೆ ನಾನು 2,100 ರೂಪಾಯಿ ಕೊಟ್ಟು ಬಂದಿದೀನಿ. ಅದನ್ನ ಹೇಳ್ಬೇಕು ಅಂತಲೇ ಇದನ್ನ ಬರೀತಾ ಇರೋದು, ಕಾಶಿಯಲ್ಲಿ ಎಂತ ನೋಡ್ಬೇಕು ಅಂತ ಹೇಳೋರು ಬೇಕಾದಷ್ಟು ಜನ ಇದಾರೆ.

ಅಡಿಕೆ ಕೊಯ್ಲು ಮುಗಿಸಿ ಫೆಬ್ರವರಿಯಲ್ಲಿ ತೀರ್ಥಹಳ್ಳಿಯಿಂದ ಹೊರಟ್ವಿ, ನಾನು, ನನ್ ಹೆಂಡ್ತಿ, ಅಪ್ಪಯ್ಯ, ಅಮ್ಮ. ಎಲ್ರೂ ಹೈದರಾಬಾದ್ ಮೇಲೆ ಹೋಗಿ 44ನೇ ಹೈವೇ ಹಿಡಿ ಅಂದ್ರು, ಆದ್ರೆ ನಂಗೆ ದೊಡ್ಡ ಊರು ಅಂದ್ರೆ ಆಗಲ್ಲ, ಶಿವಮೊಗ್ಗದ ಗಾಂಧಿ ಬಜಾರೇ ಜಾಸ್ತಿ ಆಗುತ್ತೆ. ಹಾಗಾಗಿ ಚಿತ್ರದುರ್ಗ, ಹೊಸಪೇಟೆ, ವಿಜಯಪುರ, ಸೊಲ್ಲಾಪುರ, ತುಳಜಾಪುರ, ನಾಂದೇಡ್ ಮೇಲೆ ನಾಗಪುರ, ಅಲ್ಲಿಂದ ಜಬಲ್ಪುರ, ರೀವಾ, ಮಿರ್ಜಾಪುರ, ಕಾಶಿ. ನಮ್ಮ ಮೀಟರಲ್ಲಿ ಒಂದು ಕಡೆಗೆ ಹತ್ತಿರ ಹತ್ತಿರ 2,000 ಕಿಲೋಮೀಟರ್ ಬಂತು. ತುಳಜಾಪುರದಿಂದ ನಾಗಪುರದ ಹತ್ರ ಬೂಟಿಬೋರಿವರೆಗೂ 361ನೇ ಹೈವೇ, ಲಾರಿ ಇದಾವೆ ಆದ್ರೆ ಗಲಾಟೆ ಕಡಿಮೆ, ವಯಸ್ಸಾದೋರನ್ನ ಕರ್ಕೊಂಡು ಹೋಗೋರಿಗೆ ನಾನು ಇದನ್ನೇ ಹೇಳ್ತೀನಿ.

ಮೊದಲ ದಿನ ವಿಜಯಪುರದಲ್ಲಿ ಉಳ್ಕೊಳ್ಳಿ, ಸೊಲ್ಲಾಪುರದವರೆಗೆ ಎಳೀಬೇಡಿ. ಕಾರಣ ಊಟ. ಬಸ್‌ಸ್ಟ್ಯಾಂಡ್‌ನಿಂದ ಸ್ವಲ್ಪ ಒಳಗೆ ಒಂದು ಖಾನಾವಳಿ, ಬೋರ್ಡೂ ಸರಿಯಾಗಿ ಕಾಣಲ್ಲ, ನಾಲ್ಕೇ ಟೇಬಲ್ಲು. ನಮ್ಮ ಅಪ್ಪಯ್ಯ ಅನ್ನ ಇಲ್ಲದೇ ಊಟ ಅಂತ ಒಪ್ಪೋ ಮನುಷ್ಯನೇ ಅಲ್ಲ, ಕೂತಕೂಡ್ಲೇ "ಅನ್ನ ಎಷ್ಟೊತ್ತಿಗೆ ಬರುತ್ತೆ" ಅಂತ ಶುರು ಮಾಡಿದ್ರು. ಅಷ್ಟರಲ್ಲಿ ಒಳಗಿಂದ ರೊಟ್ಟಿ ಬಡಿಯೋ ಸದ್ದು ಕೇಳ್ತಾ ಇತ್ತು, ಬಿಸಿ ಜೋಳದ ರೊಟ್ಟಿ ಬಂತು, ಜೊತೆಗೆ ಬದನೆಕಾಯಿ ಎಣ್ಣೆಗಾಯಿ, ಪುಂಡಿ ಪಲ್ಯ, ಮೊಳಕೆ ಹೆಸರುಕಾಳು, ಶೇಂಗಾ ಹಿಂಡಿ (ಆ ಕಡೆ ಚಟ್ನಿಪುಡಿಗೆ ಹಿಂಡಿ ಅಂತಾರೆ), ಗುರೆಳ್ಳು ಹಿಂಡಿ, ಹಿಂಡಿ ಮಧ್ಯ ಗುಂಡಿ ಮಾಡಿ ಗಟ್ಟಿ ಮೊಸರು. ಬಡಿಸೋ ಅಮ್ಮ "ಇನ್ನೊಂದ್ ಹಾಕ್ಲೇನ್ರಿ ಅಜ್ಜಾರ" ಅಂತ ಕೇಳೋದು, ಉತ್ತರಕ್ಕೆ ಕಾಯದೇ ಹಾಕೋದು. ಅಪ್ಪಯ್ಯ ನಾಲ್ಕು ರೊಟ್ಟಿ ತಿಂದ್ರು. ಆಮೇಲೆ ಅನ್ನ ಬಂದಾಗ ಕೈ ಅಡ್ಡ ಹಿಡಿದ್ರು, ನಮ್ಮಮ್ಮ ನನ್ ಮುಖ ನೋಡಿದ್ರು. ಒಬ್ಬರಿಗೆ 90 ರೂಪಾಯಿ, ಎಷ್ಟಾದ್ರೂ ತಿನ್ನಿ. ಅಲ್ಲೇ ಖಡಕ್ ರೊಟ್ಟಿ ಕಟ್ಟಿಸ್ಕೊಂಡ್ವಿ 40. ಇದನ್ನ ಯಾರೂ ಮರೀಬೇಡಿ, ಅದು ಕೆಡಲ್ಲ, ಒಂದು ಡಬ್ಬ ಮೊಸರು ಸಿಕ್ಕಿದ್ರೆ ಸಾಕು, ಮನೆಯಿಂದ ತಂದ ಅಪ್ಪೆಮಿಡಿ ಉಪ್ಪಿನಕಾಯಿ ಜೊತೆ ಮುಂದಿನ ಮೂರು ದಿನ ಅದೇ ನಮ್ಮ ಮಧ್ಯಾಹ್ನದ ಊಟ. ಢಾಬಾ ಎಣ್ಣೆ ತಿಂದು ಹೊಟ್ಟೆ ಕೆಡಿಸ್ಕೊಂಡೋರ ಕಥೆ ಕೇಳಿದ ಮೇಲೆ ಇದು ಸಾವಿರ ಪಾಲು ವಾಸಿ.

ಎರಡನೇ ರಾತ್ರಿ ನಾಂದೇಡ್, ಗುರುದ್ವಾರದ ಯಾತ್ರಿ ನಿವಾಸದಲ್ಲಿ. ಸಿಖ್ಖರ ಹತ್ತನೇ ಗುರು ಗೋವಿಂದ ಸಿಂಗರು 1708ರಲ್ಲಿ ತೀರಿಕೊಂಡ ಜಾಗ ಅದು. ಲಂಗರಲ್ಲಿ, ಅಂದ್ರೆ ಗುರುದ್ವಾರದ ಪುಕ್ಕಟೆ ಊಟದ ಮನೇಲಿ, ಊಟ ಯಾರಿಗೂ ಇಲ್ಲ ಅನ್ನಲ್ಲ, ತಲೆಗೆ ಒಂದು ಟವೆಲ್ ಕಟ್ಕೊಂಡು ಹೋಗಿ.

ಪಂಚರ್ ಆಗಿದ್ದು ಮಾರನೇ ದಿನ. ಆಗಿದ್ದು ಅಲ್ಲ, ಮಾಡಿದ್ದು. ನಾಗಪುರ ಇನ್ನೂ ದೂರ ಇತ್ತು, ಚಹಾಕ್ಕೆ ಅಂತ ಒಂದು ಢಾಬಾ ಹತ್ರ ನಿಲ್ಸಿದ್ವಿ. ಒಬ್ಬ ಹುಡುಗ ಬಂದು ಹಿಂದಿನ ಟೈರಲ್ಲಿ ಗಾಳಿ ಕಮ್ಮಿ ಇದೆ ಸಾಬ್ ಅಂದ. ನೋಡಿದ್ರೆ ನಂಗೂ ಹಾಗೇ ಅನ್ಸ್ತು, ಲಗೇಜ್ ತುಂಬಿದ ಕಾರಿನ ಹಿಂದಿನ ಟೈರು ಯಾವಾಗ್ಲೂ ಹಾಗೇ ಕಾಣುತ್ತೆ ಅಂತ ಆಗ ಹೊಳೀಲಿಲ್ಲ. ಪಕ್ಕದಲ್ಲೇ ಪಂಚರ್ ಅಂಗಡಿ. ಅವನು ಸೋಪ್ ನೀರು ಹಾಕಿ ಟೈರು ತಿರುಗಿಸ್ತಾ ತಿರುಗಿಸ್ತಾ "ಏಕ್, ದೋ, ತೀನ್" ಅಂತ ಎಣಿಸಿ ಏಳಕ್ಕೆ ನಿಲ್ಸಿದ, ಪ್ರತಿಯೊಂದರಲ್ಲೂ ಗುಳ್ಳೆ ಬರ್ತಾ ಇದೆ. ಒಂದಕ್ಕೆ 300. ನಮ್ಮೂರಲ್ಲಿ 100 ರೂಪಾಯಿಗೆ ಮುಗಿಯೋ ಕೆಲಸ. ಹೆಂಡ್ತಿ ಬೇಡ ಅಂದ್ಲು, ಆದ್ರೆ ಆ ಬಿಸಿಲಲ್ಲಿ ಅಪ್ಪ ಅಮ್ಮನ್ನ ಇಟ್ಕೊಂಡು ವಾದ ಮಾಡೋ ಧೈರ್ಯ ಬರ್ಲಿಲ್ಲ, ಕೊಟ್ಟೆ.

ಜಬಲ್ಪುರದಲ್ಲಿ ಒಬ್ಬ ವಯಸ್ಸಾದ ಟೈರ್ ಅಂಗಡಿಯವ್ರು ನೋಡಿ ನಕ್ಕರು. ಮೊಳೆ ಎಲ್ಲಿ ಸಿಕ್ತು ಅಂತ ಕೇಳಿದ್ರು. ಒಂದೂ ಸಿಕ್ಕಿರ್ಲಿಲ್ಲ! ಏಳು ತೂತು, ಒಂದೂ ಮೊಳೆ ಇಲ್ಲ, ಎಲ್ಲಾ ಒಂದೇ ಅಳತೆ. ಕೈಯಲ್ಲಿ ಸಣ್ಣ ದಬ್ಬಣದ ಥರದ್ದು ಇಟ್ಕೊಂಡು ಸೋಪ್ ನೀರು ಒರೆಸೋ ನೆಪದಲ್ಲಿ ಚುಚ್ತಾರಂತೆ.

ಈಗ ಮಾಡ್ಬೇಕಾದ್ದು ಕೇಳಿ. ಸಿಗರೇಟ್ ಲೈಟರ್ ಸಾಕೆಟ್‌ಗೆ ಹಾಕೋ ಗಾಳಿ ಪಂಪ್ ಆನ್‌ಲೈನಲ್ಲಿ ಸಿಗುತ್ತೆ, ಅದರಲ್ಲೇ ಮೀಟರ್ ಇರುತ್ತೆ. ದಿನಾ ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ನೋಡ್ಕೊಳ್ಳಿ, ಓಡಿದ ಮೇಲೆ ಬಿಸಿಗೆ ಪ್ರೆಶರ್ ಏರಿರುತ್ತೆ, ಆವಾಗ ಗಾಳಿ ಬಿಡ್ಬೇಡಿ. ಯಾರಾದ್ರೂ ಗಾಳಿ ಇಲ್ಲ ಅಂದ್ರೆ ನೀವೇ ಅಳೆದು ನೋಡಿ. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಹೊಕ್ಕಿದ್ರೂ ಗಾಳಿ ನಿಧಾನಕ್ಕೆ ಹೋಗೋದೇ ಜಾಸ್ತಿ, ತುಂಬ್ಸಿಕೊಂಡು ಮುಂದಿನ ಊರಿನವರೆಗೆ ಹೋಗ್ಬಹುದು. ರಿಪೇರಿ ಮಾಡ್ಸೋದಾದ್ರೆ ಟೈರ್ ಪಕ್ಕ ಕುಕ್ಕರುಗಾಲಲ್ಲಿ ಕೂತ್ಕೊಳ್ಳಿ, ಚಹಾ ಕುಡಿಯೋಕೆ ಹೋಗ್ಬೇಡಿ. ಹೈವೇಲಿ ನಿಜಕ್ಕೂ ಕೈಕೊಟ್ರೆ ಹೈವೇ ಸಹಾಯವಾಣಿ 1033ಕ್ಕೆ ಫೋನ್ ಮಾಡಿ.

ಟೋಲ್‌ಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಮಾಡ್ಸಿದ್ದೆ, ನಾನು ತಗೊಂಡಾಗ 3,000 ರೂಪಾಯಿ, 200 ಸಲ ಟೋಲ್ ದಾಟೋದು ಅಥವಾ ಒಂದು ವರ್ಷ, ಯಾವುದು ಮೊದ್ಲೋ ಅದು. ಇಷ್ಟು ದೂರ ಹೋಗಿ ಬರೋರಿಗೆ ಒಂದೇ ಟ್ರಿಪ್ಪಲ್ಲಿ ದುಡ್ಡು ಹುಟ್ಟುತ್ತೆ. ನಿಮ್ಮ ಟ್ಯಾಗ್ ಬರೀ ಚಾಸಿ ನಂಬರ್ ಮೇಲೆ ಇದ್ರೆ ಪಾಸ್ ಆಗಲ್ಲ, ಗಾಡಿ ನಂಬರ್ ಅಪ್‌ಡೇಟ್ ಮಾಡ್ಸಿ, ಹೊರಡೋ ಹಿಂದಿನ ದಿನ ನೋಡ್ಕೊಂಡು ಒದ್ದಾಡಿದ್ದು ನಾನು. ರಾಜ್ಯ ಸರ್ಕಾರದ ರಸ್ತೆಗಳ ಟೋಲ್‌ಗೆ ಪಾಸ್ ನಡೆಯಲ್ಲ, ಅದಕ್ಕೆ ಟ್ಯಾಗಲ್ಲಿ ಬೇರೆ ದುಡ್ಡು ಇರ್ಲಿ.

ಇನ್ನೊಂದು ವಿಷಯ ನಿದ್ದೆ. ಆಗುಂಬೆ ಘಾಟಿಯ 14 ತಿರುವು ಕಣ್ಮುಚ್ಚಿ ಇಳಿಸ್ತೀನಿ ಅನ್ನೋ ನಮ್ಮ ಕಡೆಯೋರಿಗೆ ನೇರ ರಸ್ತೆಯೇ ಅಪಾಯ ಮಾರಾಯ್ರೆ. ಊರಲ್ಲಿ ಐವತ್ತು ಮೀಟರಿಗೆ ಒಂದು ತಿರುವು, ನಿದ್ದೆ ಎಲ್ಲಿಂದ ಬರ್ಬೇಕು. ಅಲ್ಲಿ ಅರ್ಧ ಗಂಟೆ ಸ್ಟೀರಿಂಗ್ ಅಲ್ಲಾಡಿಸೋ ಕೆಲಸ ಇಲ್ಲ, ಯವತ್ಮಾಳ್ ಹತ್ರ ಎರಡು ಸಲ ತೂಕಡಿಸಿದೆ. ವಿಜಯಪುರ ಮುಟ್ಟೋ ಮೊದಲ ದಿನ ಬಿಟ್ರೆ ದಿನಕ್ಕೆ 450 ಕಿಲೋಮೀಟರ್ ಮೇಲೆ ಪ್ಲಾನ್ ಹಾಕ್ಬೇಡಿ, ಕತ್ತಲಾದ ಮೇಲೆ ಓಡಿಸ್ಬೇಡಿ, ಎದುರಿಂದ ರಾಂಗ್ ಸೈಡಲ್ಲಿ ಲೈಟಿಲ್ಲದ ಟ್ರ್ಯಾಕ್ಟರ್ ಬರ್ತಾವೆ.

ನಾಗಪುರ ದಾಟಿ ಪೆಂಚ್ ಕಾಡಲ್ಲಿ ರಸ್ತೆಯನ್ನೇ ಮೇಲೆತ್ತಿದಾರೆ, ಪ್ರಾಣಿಗಳು ಕೆಳಗಿಂದ ದಾಟ್ತಾವೆ, ಎರಡೂ ಬದಿ ಗೋಡೆ ಇರೋದ್ರಿಂದ ಕಾಡು ಕಾಣಲ್ಲ ಅಂತ ಅಮ್ಮ ಬೈದ್ರು. ಅಲ್ಲಿ ಫೋಟೋಕ್ಕೆ ನಿಲ್ಸಬೇಡಿ.

ಕಾಶಿಯಲ್ಲಿ ದೇವಸ್ಥಾನದ ಹತ್ರದ ಗೋದೌಲಿಯಾ ಸರ್ಕಲ್ ಕಡೆ ಕಾರು ತಗೊಂಡು ಹೋಗೋ ಯೋಚನೆನೇ ಬಿಡಿ. ಊರ ಹೊರಗೆ ಪಾರ್ಕಿಂಗ್ ಇರೋ ಕಡೆ ರೂಮ್ ಮಾಡಿ ಆಟೋದಲ್ಲಿ ಹೋಗಿ. ಮೂರು ದಿನ ಇದ್ವಿ, ನಂಗೆ ಆ ಜನಜಂಗುಳಿ ಒಂದೂವರೆ ದಿನಕ್ಕೇ ಸಾಕಾಗಿತ್ತು, ಅಪ್ಪಯ್ಯ ಅಮ್ಮ ಖುಷಿಯಾಗಿದ್ರು. ನಮ್ಮ ಮುಜರಾಯಿ ಇಲಾಖೆ ಕಾಶಿ ಯಾತ್ರಿಗಳಿಗೆ 5,000 ಸಹಾಯಧನ ಕೊಡುತ್ತೆ, ಹೋಗಿದ್ದಕ್ಕೆ ಸಾಕ್ಷಿ ಬೇಕು, ಪೂಜೆ ರಸೀದಿ ಎಸೀಬೇಡಿ. ಅಮ್ಮ ಎಸೆದಿದ್ರು.

ಬರ್ತಾ ಜಬಲ್ಪುರದಲ್ಲೇ ಪಂಪ್ ತಗೊಂಡೆ. ಈಗ ಅದನ್ನ ಪಕ್ಕದ ಮನೆಯೋರು ಧರ್ಮಸ್ಥಳಕ್ಕೆ ಅಂತ ತಗೊಂಡು ಹೋಗಿ ಮೂರು ವಾರ ಆಯ್ತು, ಇನ್ನೂ ವಾಪಸ್ ಬಂದಿಲ್ಲ.