ಎರಡು ಬಾರ್ಡರ್ ರೂಟರ್ ಇದ್ದಾಗ

ಓಎಸ್‌ಪಿಎಫ್, ಇಐಜಿಆರ್‌ಪಿ ಎರಡೂ ರೂಟರ್‌ಗಳು ದಾರಿ (ರೂಟ್) ಹಂಚಿಕೊಳ್ಳುವ ಪ್ರೋಟೊಕಾಲ್‌ಗಳು; ಎರಡೂ ಓಡುವ ಗಡಿಯ ರೂಟರೇ ಬಾರ್ಡರ್ ರೂಟರ್. ಅಲ್ಲಿ ಓಎಸ್‌ಪಿಎಫ್ ರೂಟ್‌ಗಳನ್ನು ಇಐಜಿಆರ್‌ಪಿಗೆ ರೀಡಿಸ್ಟ್ರಿಬ್ಯೂಟ್ ಮಾಡಿದ (ದಾಟಿಸಿದ) ಮೇಲೂ ಒಂದೂ ಕಾಣ್ತಿಲ್ವಾ? ಮೊದಲು ಮೆಟ್ರಿಕ್, ಅಂದ್ರೆ ದಾರಿಯ ಖರ್ಚಿನ ಅಂಕಿ, ನೋಡಿ. ಸಿಸ್ಕೋ ರೂಟರ್‌ನಲ್ಲಿ ಅದು ತಾನಾಗಿ ಬರಲ್ಲ, ‘ಮೆಟ್ರಿಕ್ 10000 100 255 1 1500’ ಅಂತ ಐದೂ ಅಂಕಿ ಕೊಡಬೇಕು. ಇಐಜಿಆರ್‌ಪಿಯಿಂದ ಓಎಸ್‌ಪಿಎಫ್‌ಗೆ ತರುವಾಗ ಮೆಟ್ರಿಕ್ 20 ತಾನೇ ಸಿಗುತ್ತೆ, ‘ಸಬ್‌ನೆಟ್ಸ್’ ಅನ್ನೋ ಪದ ಹಾಕೋದು ಮರೀಬೇಡಿ.

ನಿಜವಾದ ಅಪಾಯ ಎರಡು ಬಾರ್ಡರ್ ರೂಟರ್ ಇದ್ದಾಗ. ಇಐಜಿಆರ್‌ಪಿ ಎಕ್ಸ್‌ಟರ್ನಲ್ (ಹೊರಗಿನಿಂದ ತಂದ) ರೂಟಿನ ಡಿಸ್ಟೆನ್ಸ್ 170, ಓಎಸ್‌ಪಿಎಫ್‌ದು 110; ಈ ಅಂಕಿ ಕಡಿಮೆ ಇದ್ದಷ್ಟೂ ರೂಟರ್ ಹೆಚ್ಚು ನಂಬುತ್ತೆ. ಮೊದಲನೇ ರೂಟರ್ ಆ ಎಕ್ಸ್‌ಟರ್ನಲ್ ರೂಟನ್ನು ಓಎಸ್‌ಪಿಎಫ್‌ಗೆ ಹಾಕಿದ ಕೂಡಲೇ ಎರಡನೆಯದು 110 ನೋಡಿ ಅದನ್ನೇ ನಂಬುತ್ತೆ, ವಾಪಸ್ ಇಐಜಿಆರ್‌ಪಿಗೆ ತಳ್ಳುತ್ತೆ. ಲೂಪ್ ಶುರು. ಗಡಿ ದಾಟಿದ ರೂಟಿಗೆ ತನ್ನ ತವರು ನೆನಪಿರಲ್ಲ, ನಾವೇ ಗುರುತು ಕಟ್ಟಿ ಕಳಿಸಬೇಕು. ರೂಟ್‌ಮ್ಯಾಪ್‌ನಲ್ಲಿ (ರೂಟ್ ಸೋಸುವ ನಿಯಮಗಳ ಪಟ್ಟಿ) ದಾಟುವಾಗ ‘ಸೆಟ್ ಟ್ಯಾಗ್ 100’, ಇನ್ನೊಂದು ರೂಟರ್‌ನಲ್ಲಿ ಅದೇ ಟ್ಯಾಗಿಗೆ ‘ಡಿನೈ’. ಕೊನೆಗೊಂದು ಖಾಲಿ ‘ಪರ್ಮಿಟ್’ ಇರಲಿ, ಇಲ್ಲದಿದ್ದರೆ ಮಿಕ್ಕಿದ್ದೂ ನಿಲ್ಲುತ್ತೆ.

ಸಮ್ಮರಿ (ಹಲವು ರೂಟ್‌ಗಳನ್ನು ಒಂದಾಗಿ ಹೇಳೋದು) ವಿಷಯ: 172.16.8.0ರಿಂದ 172.16.11.0ರವರೆಗಿನ ನಾಲ್ಕು /24ಗಳಿಗೆ /22 ಸರಿಯಾದ ಅಳತೆ. /21 ಹಾಕಿದರೆ 172.16.12.0ರಿಂದ 172.16.15.0ರವರೆಗಿನ ಟ್ರಾಫಿಕ್ಕೂ ಇಲ್ಲಿಗೆ ಬರಬಹುದು. ಆ ರೂಟ್‌ಗಳು ಇಲ್ಲಿಲ್ಲದಿದ್ದರೆ ಪ್ಯಾಕೆಟ್ ನಲ್0 (ಬಂದದ್ದನ್ನೆಲ್ಲ ಎಸೆದುಬಿಡುವ ಇಂಟರ್‌ಫೇಸ್) ಪಾಲು. ಓಎಸ್‌ಪಿಎಫ್‌ನಲ್ಲಿ ಹೊರಗಿನಿಂದ ತಂದ ರೂಟ್‌ಗಳಿಗೆ ‘ಸಮ್ಮರಿ-ಅಡ್ರೆಸ್’, ಏರಿಯಾಗಳ (ಓಎಸ್‌ಪಿಎಫ್ ನೆಟ್‌ವರ್ಕಿನ ಭಾಗಗಳು) ನಡುವೆ ‘ಏರಿಯಾ ರೇಂಜ್’ ಕಮ್ಯಾಂಡ್ ಬಳಸಿ.