ಕೋವಿ ಒಪ್ಪಿಸುವವರ ಸಾಲಿನಲ್ಲಿ

“ನಿಮ್ಮ ಯಜಮಾನರು ಇದ್ದಿದ್ದರೆ ಇದನ್ನು ಕೊಡುತ್ತಿದ್ದರೇ?” ಎಂದು ಆ ಮನುಷ್ಯ ಕಾರಿನ ಕಿಟಕಿಗೆ ಬಾಗಿ ಕೇಳಿದರು. “ಅವರು ಇದ್ದಿದ್ದರೆ ನಾನೇಕೆ ಇಲ್ಲಿಗೆ ಬರುತ್ತಿದ್ದೆ?” ಎಂದು ನನ್ನ ಪಕ್ಕದಲ್ಲಿ ಕುಳಿತಿದ್ದ ಅಜ್ಜಿ ಉತ್ತರಿಸಿದರು. ಶನಿವಾರ ಬೆಳಿಗ್ಗೆ ನಡೆದ ಈ ಎರಡು ಮಾತಿನ ಸಂಭಾಷಣೆ ವಾರ ಕಳೆಯುತ್ತ ಬಂದರೂ ನನ್ನ ತಲೆಯಿಂದ ಇಳಿದಿಲ್ಲ. ಇಬ್ಬರಲ್ಲಿ ಯಾರೂ ಧ್ವನಿ ಏರಿಸಲಿಲ್ಲ, ಯಾರ ಮಾತಿನಲ್ಲೂ ಕುಹಕವಿರಲಿಲ್ಲ. ಆದರೂ ಕೋವಿಯ ಬಗ್ಗೆ ಅಮೆರಿಕ ದಶಕಗಳಿಂದ ನಡೆಸುತ್ತಿರುವ ಜಗಳವೆಲ್ಲ ಆ ಒಂದು ಪ್ರಶ್ನೆ ಮತ್ತು ಒಂದು ಉತ್ತರದ ನಡುವೆ ಇದೆಯೆಂದು ನನಗೆ ಅನ್ನಿಸುತ್ತಿದೆ.

ನಾವಿರುವುದು ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದ ಒಂದು ಸಣ್ಣ ಪಟ್ಟಣದಲ್ಲಿ. ನ್ಯೂಯಾರ್ಕ್ ಎಂದೊಡನೆ ಮ್ಯಾನ್‌ಹ್ಯಾಟನ್ ನೆನಪಾಗುವವರಿಗೆ ಇಲ್ಲಿಯ ಬದುಕು ಊಹೆಗೆ ನಿಲುಕದು. ನವೆಂಬರ್ ಬಂದರೆ ಜಿಂಕೆ ಬೇಟೆಗೆಂದು ಜನ ರಜೆ ಹಾಕುತ್ತಾರೆ. 2013ರಲ್ಲಿ ಬಂದ ಸೇಫ್ ಆ್ಯಕ್ಟ್ ಎಂಬ ಬಂದೂಕು ಕಾನೂನನ್ನು ರದ್ದುಪಡಿಸಿ ಎನ್ನುವ ಫಲಕಗಳು ವರ್ಷಗಟ್ಟಲೆ ಮನೆಗಳ ಮುಂದಿನ ಹುಲ್ಲುಹಾಸಿನ ಮೇಲೆ ನಿಂತಿದ್ದವು. ಇಂಥ ಊರಿನಲ್ಲಿ ರಾಜ್ಯದ ಅಟಾರ್ನಿ ಜನರಲ್ ಕಚೇರಿಯೂ ಸ್ಥಳೀಯ ಪೊಲೀಸರೂ ಸೇರಿ ಚರ್ಚಿನ ಪಾರ್ಕಿಂಗ್ ಜಾಗದಲ್ಲಿ ‘ಗನ್ ಬೈಬ್ಯಾಕ್’ ಏರ್ಪಡಿಸಿದ್ದರು. ಬೇಡವಾದ ಬಂದೂಕನ್ನು ತಂದು ಒಪ್ಪಿಸಿದರೆ ಹೆಸರು ಕೇಳುವುದಿಲ್ಲ, ಗುರುತಿನ ಚೀಟಿ ಕೇಳುವುದಿಲ್ಲ, ಸ್ಥಳದಲ್ಲೇ ಹಣ ತುಂಬಿದ ಗಿಫ್ಟ್ ಕಾರ್ಡ್ ಕೊಡುತ್ತಾರೆ. ಅಸಾಲ್ಟ್ ರೈಫಲ್ಲಿಗೆ 500 ಡಾಲರ್, ಕೈಬಂದೂಕಿಗೆ 150, ಸಾಮಾನ್ಯ ರೈಫಲ್ ಅಥವಾ ಶಾಟ್‌ಗನ್ನಿಗೆ 75, ಕೆಟ್ಟು ನಿಂತದ್ದಕ್ಕೆ 25 ಎಂದು ದರಪಟ್ಟಿ ತೂಗುಹಾಕಿದ್ದರು. ಬಂದೂಕಿನಲ್ಲಿ ತೋಟಾ ಇರಬಾರದು, ಅದನ್ನು ಚೀಲದಲ್ಲೋ ಪೆಟ್ಟಿಗೆಯಲ್ಲೋ ಕಟ್ಟಿ ಕಾರಿನ ಡಿಕ್ಕಿಯಲ್ಲಿ ತರಬೇಕು, ಡಿಕ್ಕಿಯನ್ನು ಪೊಲೀಸರೇ ತೆರೆಯುತ್ತಾರೆ ಎನ್ನುವುದು ನಿಯಮ.

ಅಜ್ಜಿ ನಮ್ಮ ಪಕ್ಕದ ಮನೆಯವರು. ಅವರು ಈಗ ಕಾರು ಓಡಿಸುವುದಿಲ್ಲವಾದ್ದರಿಂದ ನಾನು ಕರೆದುಕೊಂಡು ಹೋಗಿದ್ದೆ. ಅವರ ಪತಿ ಬಿಟ್ಟುಹೋದದ್ದು ಒಂದು ರಿವಾಲ್ವರ್, ಒಂಟಿ ನಳಿಗೆಯ ಒಂದು ಶಾಟ್‌ಗನ್, ಮತ್ತು ಇಲ್ಲಿಯ ಹಳೆಯ ಬೇಟೆಗಾರರೆಲ್ಲರ ಮನೆಯಲ್ಲಿರುವಂಥ ಕೆಳಗಿನ ಕೊಂಡಿ ಎಳೆದು ತೋಟಾ ಏರಿಸುವ ರೈಫಲ್. ರಿವಾಲ್ವರಿನ ಪರವಾನಗಿ ಗಂಡನ ಹೆಸರಿನಲ್ಲಿತ್ತು. ಪರವಾನಗಿ ಇದ್ದವರು ತೀರಿಕೊಂಡರೆ 15 ದಿನದೊಳಗೆ ಮನೆಯವರು ಕೈಬಂದೂಕನ್ನು ಕಾನೂನುಬದ್ಧವಾಗಿ ವಿಲೇವಾರಿ ಮಾಡಬೇಕು, ಇಲ್ಲವೇ ಪೊಲೀಸರಿಗೆ ಒಪ್ಪಿಸಬೇಕು ಎಂದು ನ್ಯೂಯಾರ್ಕ್ ಕಾನೂನು ಹೇಳುತ್ತದೆ. ಗಂಡನನ್ನು ಮಣ್ಣು ಮಾಡಿ ಬಂದ ಹೆಂಗಸಿಗೆ 15 ದಿನದೊಳಗೆ ಅದು ನೆನಪಾಗುವುದಾದರೂ ಹೇಗೆ? ನೆನಪಾಗುವ ಹೊತ್ತಿಗೆ ಅವಧಿ ಮೀರಿರುತ್ತದೆ, ಆಮೇಲೆ ಠಾಣೆಗೆ ಹೋಗಲು ಭಯವಾಗುತ್ತದೆ, ಬಂದೂಕು ಕಪಾಟಿನಲ್ಲೇ ಉಳಿಯುತ್ತದೆ. ಅಂದು ಸಾಲಿನಲ್ಲಿ ನಿಂತಿದ್ದ ಕಾರುಗಳಲ್ಲಿ ಬಹುಪಾಲು ನರೆಗೂದಲಿನವರೇ ಕುಳಿತಿದ್ದುದನ್ನು ಕಂಡಾಗ, ಇವರೆಲ್ಲ ಇಂಥದೇ ಕಪಾಟುಗಳಿಂದ ಬಂದವರಿರಬೇಕು ಎಂದುಕೊಂಡೆ.

ಕಿಟಕಿಗೆ ಬಾಗಿದ ಮನುಷ್ಯ ಪೊಲೀಸರ ಕಡೆಯವರಲ್ಲ. ಸಮೀಪದ ಬೇಟೆಗಾರರ ಕ್ಲಬ್ಬಿನವರಂತೆ. ರಸ್ತೆಯಂಚಿನಲ್ಲಿ ನಿಧಾನವಾಗಿ ಸಾಗುತ್ತಿದ್ದ ಕಾರುಗಳ ಬಳಿ ಹೋಗಿ ಪ್ರತಿಯೊಬ್ಬರಿಗೂ ಒಂದು ಹಾಳೆ ಕೊಡುತ್ತಿದ್ದರು. ಒಪ್ಪಿಸುವ ಮುನ್ನ ಪರವಾನಗಿ ಇರುವ ವ್ಯಾಪಾರಿಗೆ ತೋರಿಸಿ, ಒಳ್ಳೆಯ ಕೋವಿಗೆ ಇಲ್ಲಿ ಸಿಗುವುದಕ್ಕಿಂತ ಹಲವು ಪಟ್ಟು ಬೆಲೆ ಸಿಗುತ್ತದೆ, ಇಲ್ಲಿ ಕೊಟ್ಟದ್ದನ್ನು ಕತ್ತರಿಸಿ ಹಾಕುತ್ತಾರೆ ಎಂದು ಅದರಲ್ಲಿ ಬರೆದಿತ್ತು. ಇದರಲ್ಲಿ ಸುಳ್ಳೇನೂ ಇಲ್ಲ. 2012ರ ಕೊನೆಯಲ್ಲಿ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡಿನ ಬೈಬ್ಯಾಕಿಗೆ ಒಬ್ಬ ಮಹಿಳೆ ತನ್ನ ತಂದೆ ಎರಡನೆಯ ಮಹಾಯುದ್ಧದಿಂದ ತಂದಿದ್ದ ಜರ್ಮನ್ ರೈಫಲ್ ಒಂದನ್ನು ಒಯ್ದಿದ್ದರು. ಅದು ಇಪ್ಪತ್ತು ಸಾವಿರ ಡಾಲರಿಗೂ ಮಿಗಿಲು ಬಾಳುವ ಅಪರೂಪದ ವಸ್ತು ಎಂದು ಅಲ್ಲಿದ್ದ ಪೊಲೀಸರೇ ಗುರುತಿಸಿ ತಡೆದಿದ್ದರಿಂದ ಅದು ಉಳಿಯಿತು. ಎಲ್ಲ ಕಡೆಯೂ ಅಂಥ ಪೊಲೀಸರು ಇರುವುದಿಲ್ಲ.

ಆ ಮನುಷ್ಯನ ಬಗ್ಗೆ ನನಗೆ ಸಿಟ್ಟು ಬರಬೇಕಿತ್ತೇನೋ, ಬರಲಿಲ್ಲ. ನಾನು ಹುಟ್ಟಿದ್ದು ಕೊಡಗಿನಲ್ಲಿ. ಆಯುಧಗಳನ್ನು ಪೂಜಿಸುವ ಕೈಲ್ ಪೊಳ್ದ್ ಹಬ್ಬದ ದಿನ ನಮ್ಮ ಮನೆಯ ಕೋವಿಯನ್ನು ಒರೆಸಿ, ನಳಿಗೆಯ ತುದಿಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ, ದೀಪದ ಮುಂದಿಟ್ಟು ಕೈಮುಗಿಯುವುದನ್ನು ನೋಡುತ್ತ ಬೆಳೆದವನು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ಸುದ್ದಿ ತಿಳಿಸುತ್ತಿದ್ದ ಜನ ನಮ್ಮವರು. ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳಲು ನಮಗೆ ಬ್ರಿಟಿಷರ ಕಾಲದಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿದಾಗ ನಮ್ಮ ಮನೆಯಲ್ಲಿ ಅದು ಹಬ್ಬದ ಸುದ್ದಿಯಾಗಿತ್ತು. ಯಾರಾದರೂ ನಮ್ಮೂರವರು ಸೇರುವ ಬಯಲಾದ ಮಂದ್‌ನಲ್ಲಿ ಶಾಮಿಯಾನ ಹಾಕಿ, ಮೇಜಿಟ್ಟು, ಕೋವಿ ಕೊಡಿ, ಅಂಗಡಿಯ ಕೂಪನ್ ಕೊಡುತ್ತೇವೆ ಎಂದರೆ ನಮ್ಮ ದೊಡ್ಡಪ್ಪಂದಿರಿಗೆ ಎಷ್ಟು ನೋವಾಗುತ್ತಿತ್ತು ಎನ್ನುವುದು ನನಗೆ ಗೊತ್ತು. ಅವರಿಗೆ ಹಣ ಕಡಿಮೆಯಾಯಿತೆಂದು ನೋವಾಗುವುದಿಲ್ಲ. ತಪ್ಪು ಮಾಡದವನ ಮನೆಗೆ ಬಂದು, ನಿನ್ನ ಮನೆಯಲ್ಲಿ ಪಾಪದ ವಸ್ತು ಇದೆ, ತಂದೊಪ್ಪಿಸಿದರೆ ಕ್ಷಮಿಸುತ್ತೇವೆ ಎಂದಂತೆ ಕೇಳಿಸುವುದರಿಂದ ನೋವಾಗುತ್ತದೆ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಯಲ್ಲಿಟ್ಟು ಬರಬೇಕಾದಾಗ ಮಲೆನಾಡಿನ ರೈತರು ಗೊಣಗುವುದೂ ಇದೇ ಕಾರಣಕ್ಕೆ, ಮತ್ತು ಅವರಿಗೆ ಅದು ಮರಳಿ ಸಿಗುತ್ತದೆ. ಆದ್ದರಿಂದ “ನಿಮ್ಮ ಯಜಮಾನರು ಇದ್ದಿದ್ದರೆ” ಎಂದು ಆ ಮನುಷ್ಯ ಆರಂಭಿಸಿದಾಗ ಅದರಲ್ಲಿ ನನಗೆ ಕೇಳಿಸಿದ್ದು, ಕಣ್ಣಾರೆ ಕಾಣದ ಇನ್ನೊಬ್ಬ ಬೇಟೆಗಾರನ ಪರವಾಗಿ ಅವರು ಮಾಡುತ್ತಿದ್ದ ವಕಾಲತ್ತು.

ಅಜ್ಜಿಯ ಉತ್ತರವನ್ನು ಮಾತ್ರ ನಾನು ಆ ಕ್ಷಣದಲ್ಲಿ ದುಃಖದ ಮಾತೆಂದು ತಿಳಿದೆ. ಗಂಡನಿಲ್ಲದ ಹೆಂಗಸು ಹಾಗೆನ್ನುವುದು ಸಹಜ ತಾನೇ? ಆದರೆ ನಮ್ಮ ಸರದಿ ಬಂದು, ಪೊಲೀಸ್ ಅಧಿಕಾರಿ ಡಿಕ್ಕಿಯಿಂದ ಪೆಟ್ಟಿಗೆ ಎತ್ತಿ ಮೇಜಿನ ಮೇಲಿಟ್ಟ ಮೇಲೆ ಅದು ಬೇರೆಯದೇ ಮಾತಾಯಿತು. ಪೆಟ್ಟಿಗೆಗೆ ಅಜ್ಜಿಯೇ ಮೊಮ್ಮಗನ ಕೈಯಲ್ಲಿ ಟೇಪು ಸುತ್ತಿಸಿ ತಂದಿದ್ದರು. ಅಧಿಕಾರಿ ಕೈಗವಸು ತೊಟ್ಟು, ಟೇಪು ಕತ್ತರಿಸಿ, ಹಳೆಯ ಹಾಸುಹೊದಿಕೆಯಲ್ಲಿ ಸುತ್ತಿದ್ದ ರೈಫಲ್ಲನ್ನು ನಳಿಗೆ ನೆಲದತ್ತ ಇರುವಂತೆ ಹಿಡಿದು ಕೊಂಡಿಯನ್ನು ಒಮ್ಮೆ ಕೆಳಗೆಳೆದರು. ಟಕ್ಕನೆ ಒಂದು ಹಿತ್ತಾಳೆಯ ತೋಟಾ ಹಾರಿ ಡಾಂಬರಿನ ಮೇಲೆ ಬಿತ್ತು. ಮತ್ತೊಮ್ಮೆ ಎಳೆದರು, ಇನ್ನೊಂದು ಬಿತ್ತು. ಆಮೇಲೆ ಬರಲಿಲ್ಲ. ಅವರು ಕಿರುಬೆರಳನ್ನು ಒಳಗೆ ತೂರಿಸಿ ಖಾಲಿಯಾಗಿರುವುದನ್ನು ಖಚಿತಪಡಿಸಿಕೊಂಡು, ಕೊಂಡಿ ಮುಚ್ಚದ ಹಾಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿ, ಕಾಗದದ ಚೀಟಿಯೊಂದನ್ನು ತೂಗುಬಿಟ್ಟರು. ಗದರಲಿಲ್ಲ. ಇಂಥ ರೈಫಲ್ಲುಗಳ ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾ ಉಳಿದಿರುವುದು ಹೊರಗಿನಿಂದ ಕಾಣುವುದಿಲ್ಲ ಎಂದಷ್ಟೇ ಹೇಳಿದರು. ಆ ಅಧಿಕಾರಿಯ ಸೌಜನ್ಯವನ್ನು ನಾನು ಮರೆಯಲಾರೆ. ಗಂಡ ತೀರಿಕೊಂಡಂದಿನಿಂದ ಆ ರೈಫಲ್ ಮಲಗುವ ಕೋಣೆಯ ಬೀರುವಿನಲ್ಲಿ ಹೀಗೆಯೇ ಇತ್ತು. ಮೊಮ್ಮಗ ಹದಿಹರೆಯದವನು. ಕಳೆದ ಚಳಿಗಾಲದಿಂದ ಅವನು ಶಾಲೆಗೆ ಸರಿಯಾಗಿ ಹೋಗುತ್ತಿಲ್ಲ, ಯಾರೊಡನೆಯೂ ಮಾತಾಡುತ್ತಿಲ್ಲ. ಅವನ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದು ತರವಲ್ಲ.

“ಅವರು ಇದ್ದಿದ್ದರೆ ನಾನೇಕೆ ಇಲ್ಲಿಗೆ ಬರುತ್ತಿದ್ದೆ?” ಬಂದೂಕನ್ನು ಬಲ್ಲವರೊಬ್ಬರು ಮನೆಯಲ್ಲಿದ್ದರು, ಅದನ್ನು ತೆಗೆಯುವುದು, ಇಡುವುದು, ಖಾಲಿ ಮಾಡುವುದು, ಬೀಗ ಹಾಕುವುದು ಅವರ ಕೆಲಸವಾಗಿತ್ತು. ಗಂಡ ಹೋದ ಮೇಲೆ ಉಳಿದದ್ದು ತನಗೆ ಗೊತ್ತಿಲ್ಲದ ವಸ್ತು ಮತ್ತು ತನಗೆ ಚಿಂತೆಯಾಗಿರುವ ಹುಡುಗ. ಕ್ಲಬ್ಬಿನ ಬೇಟೆಗಾರರಿಗೆ ಅಜ್ಜಿ ಕೊಟ್ಟ ಉತ್ತರದಲ್ಲಿ ಇದೆಲ್ಲ ಇತ್ತು. ಕೋವಿ ಇಟ್ಟುಕೊಂಡವರ ವಾದವೆಲ್ಲ ಕೋವಿಯನ್ನು ಬಲ್ಲ ಯಜಮಾನನನ್ನು ನೆನೆದು ಕಟ್ಟಿದ್ದು. ಅವನ ನಂತರ ಅದೇ ಮನೆಯಲ್ಲಿ ಬದುಕಬೇಕಾದವರಿಗೆ ಆ ವಾದದಲ್ಲಿ ಜಾಗವಿಲ್ಲ.

ಸೋಮವಾರ ಕಚೇರಿಯಲ್ಲಿ ಈ ವಿಷಯ ಬಂದಾಗ ನನ್ನ ಸಹೋದ್ಯೋಗಿಯೊಬ್ಬರು ಇದೇ ರಾಜ್ಯದ ಯುಟಿಕಾ ನಗರದ ಕಥೆಯನ್ನು ಬಹಳ ಖುಷಿಯಿಂದ ಹೇಳಿದರು. 2022ರ ಆಗಸ್ಟ್‌ನಲ್ಲಿ ಅಲ್ಲಿ ನಡೆದ ಬೈಬ್ಯಾಕಿಗೆ ಒಬ್ಬಾತ ತ್ರೀಡಿ ಪ್ರಿಂಟರಿನಲ್ಲಿ ಮುದ್ರಿಸಿದ ಬಂದೂಕಿನ ಬಿಡಿಭಾಗಗಳನ್ನು ರಾಶಿ ತಂದು 21 ಸಾವಿರ ಡಾಲರಿನ ಗಿಫ್ಟ್ ಕಾರ್ಡುಗಳನ್ನು ಪಡೆದುಕೊಂಡು ಹೋಗಿದ್ದ. ಅದಾದ ಮೇಲೆ ರಾಜ್ಯ ತನ್ನ ನಿಯಮ ಬದಲಿಸಿತು. ಆ ಸಹೋದ್ಯೋಗಿ ಒಳ್ಳೆಯ ಮನುಷ್ಯ, ತನ್ನ ಬಂದೂಕುಗಳನ್ನು ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವವರು. ಬೈಬ್ಯಾಕಿನಿಂದ ಅಪರಾಧ ಇಳಿಯುವುದಿಲ್ಲ ಎನ್ನುವ ಅವರ ವಾದದ ಲೆಕ್ಕದಲ್ಲಿ ತಪ್ಪಿಲ್ಲ ಎನ್ನುವುದನ್ನು ನಾನು ಒಪ್ಪುತ್ತೇನೆ. ಕೊಲೆಗಡುಕರು ಚರ್ಚಿನ ಸಾಲಿನಲ್ಲಿ ಬಂದು ನಿಲ್ಲುವುದಿಲ್ಲ. ಬಾಲ್ಟಿಮೋರ್ ಪೊಲೀಸರು 1974ರಲ್ಲಿಯೇ ಒಂದಕ್ಕೆ 50 ಡಾಲರಿನಂತೆ ಕೊಟ್ಟು ಹದಿಮೂರು ಸಾವಿರಕ್ಕೂ ಹೆಚ್ಚು ಬಂದೂಕುಗಳನ್ನು ಸಂಗ್ರಹಿಸಿದ್ದರು, ಕೊಲೆಗಳು ಇಳಿಯಲಿಲ್ಲ. ಅಮೆರಿಕದ ನಗರಗಳ ಬೈಬ್ಯಾಕುಗಳನ್ನು ಪರಿಶೀಲಿಸಿ ಅರ್ಥಶಾಸ್ತ್ರಜ್ಞರು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದಕ್ಕೂ ಇವುಗಳಿಂದ ಬಂದೂಕಿನ ಅಪರಾಧ ಕಡಿಮೆಯಾದ ಪುರಾವೆ ಸಿಗಲಿಲ್ಲ. ಸುಮಾರು 39 ಕೋಟಿ ಬಂದೂಕುಗಳು ಜನರ ಬಳಿ ಇವೆಯೆಂದು ಅಂದಾಜಿರುವ ದೇಶದಲ್ಲಿ ಒಂದು ಶನಿವಾರದ ಮೇಜಿನ ಮೇಲೆ ಬಂದು ಬೀಳುವವು ಎಷ್ಟು? ಆಸ್ಟ್ರೇಲಿಯದ ಉದಾಹರಣೆ ಕೊಡುವವರು ಅಲ್ಲಿ 1996ರಲ್ಲಿ ಪೋರ್ಟ್ ಆರ್ಥರ್ ಹತ್ಯಾಕಾಂಡದ ನಂತರ ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ಕೊಂಡದ್ದು ಕಾನೂನಿನ ಕಡ್ಡಾಯದಿಂದ ಎನ್ನುವುದನ್ನು ಬಿಟ್ಟುಬಿಡುತ್ತಾರೆ. ಬಂದೂಕು ಇರುವವರು ಮಾತ್ರ ಆ ಕಡ್ಡಾಯವನ್ನು ಮರೆಯುವುದಿಲ್ಲ. ಇಂದು ಇಷ್ಟವಿದ್ದರೆ ಕೊಡಿ ಎನ್ನುವವರು ನಾಳೆ ಕೊಡಲೇಬೇಕು ಎನ್ನುತ್ತಾರೆಂಬ ಅವರ ಶಂಕೆಗೆ ಆಸ್ಟ್ರೇಲಿಯವೇ ಆಧಾರ.

ಆದರೆ ಅಮೆರಿಕದ್ದೇ ಇನ್ನೊಂದು ಲೆಕ್ಕವನ್ನು ನನ್ನ ಸಹೋದ್ಯೋಗಿ ಹೇಳಲಿಲ್ಲ. 2021ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತವರು 48,830 ಮಂದಿ. ಅವರಲ್ಲಿ 26,328 ಮಂದಿ ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡವರು. ಅರ್ಧಕ್ಕಿಂತ ಹೆಚ್ಚಿನ ಈ ಸಾವುಗಳಿಗೆ ಕಳ್ಳಸಾಗಣೆಯ ಪಿಸ್ತೂಲು ಬೇಕಾಗುವುದಿಲ್ಲ. ಮನೆಯ ಬೀರು, ಅದರಲ್ಲೊಂದು ಕೋವಿ, ಮನಸ್ಸು ಕೆಟ್ಟ ಒಂದು ಗಳಿಗೆ ಸಾಕು. ಕೊಡಗಿನವನಾಗಿ ನಾನು ಇದನ್ನು ಅಂಕಿಅಂಶದಿಂದ ಕಲಿಯಬೇಕಾಗಿರಲಿಲ್ಲ. ದೀಪದ ಮುಂದಿಟ್ಟು ಪೂಜಿಸಿದ ಕೋವಿಯೇ ಕುಡಿತದ ಸಿಟ್ಟಿನಲ್ಲಿ, ಆಸ್ತಿಯ ಜಗಳದಲ್ಲಿ, ಹೇಳಿಕೊಳ್ಳಲಾಗದ ಸಂಕಟದಲ್ಲಿ ಕೈಗೆ ಬಂದ ಸುದ್ದಿಗಳನ್ನು ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಓದುತ್ತಲೇ ಬಂದಿದ್ದೇವೆ. ಕೋವಿಯನ್ನು ಗೌರವಿಸುವ ಸಮಾಜಗಳು ಈ ಮಾತನ್ನು ತಾವೇ ಮೊದಲು ಆಡಬೇಕು. ಹೊರಗಿನವರು ಆಡಿದಾಗ ಅದು ದೂಷಣೆಯಾಗಿಯೇ ಕೇಳಿಸುತ್ತದೆ.

ಸರಕಾರದ ಮೇಲೂ ನನ್ನ ದೂರಿದೆ. ಮಧ್ಯಾಹ್ನದ ಹೊತ್ತಿಗೆ ಬಂದ ಬಂದೂಕುಗಳನ್ನೆಲ್ಲ ಉದ್ದ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಹಿಂದೆ ನಿಂತು ಫೋಟೊ ತೆಗೆಸಿಕೊಂಡು, ಇಷ್ಟು ಬಂದೂಕುಗಳು ಬೀದಿಯಿಂದ ಹೊರಬಿದ್ದವು ಎಂದು ಟಿವಿಯವರಿಗೆ ಹೇಳಿದರು. ಬೀದಿಯಿಂದ ಬಂದದ್ದು ಅದರಲ್ಲಿ ಯಾವುದು? ಅಜ್ಜಿಯ ರೈಫಲ್ ಬಂದದ್ದು ಮಲಗುವ ಕೋಣೆಯಿಂದ. ಆಗದ ಕೆಲಸವನ್ನು ಆಯಿತೆಂದು ಹೇಳಿಕೊಳ್ಳುವುದರಿಂದಲೇ ಆಗುತ್ತಿರುವ ಕೆಲಸವೂ ನಗೆಪಾಟಲಾಗುತ್ತಿದೆ. ಮನೆಯಲ್ಲಿ ಬಂದೂಕು ನೋಡಿಕೊಳ್ಳುವವರಿಲ್ಲವೇ, ಭಯವಾಗುತ್ತಿದೆಯೇ, ತಂದುಕೊಡಿ, ಕೇಳುವವರಿಲ್ಲ ಎಂದಷ್ಟೇ ಹೇಳಿದ್ದರೆ ನನ್ನ ಸಹೋದ್ಯೋಗಿಗೆ ಆಡಿಕೊಳ್ಳಲು ಏನೂ ಇರುತ್ತಿರಲಿಲ್ಲ.

ಬೇಟೆಗಾರರು ಕೊಟ್ಟ ಹಾಳೆಯ ಕೆಳಗೆ ಫೋನ್ ನಂಬರಿತ್ತು. ಬುಧವಾರ ಸಂಜೆ ಮಾತಾಡಿದೆ. ತೋಟಾ ಬಿದ್ದದ್ದನ್ನು ಅವರು ರಸ್ತೆಯಂಚಿನಿಂದ ನೋಡಿದ್ದರಂತೆ. “ಆ ಮೊದಲು ನಾನು ಕೇಳಿದ್ದು ತಪ್ಪಲ್ಲ, ಆದರೆ ಅವರನ್ನು ಕೇಳಬೇಕಾದ ಪ್ರಶ್ನೆ ಅದಾಗಿರಲಿಲ್ಲ” ಎಂದರು. ಅಷ್ಟು ನೇರವಾಗಿ ಮಾತಾಡುವವರು ಕಡಿಮೆ. ಕೌಂಟಿಯ ಪ್ರತಿನಿಧಿಗೆ ನಾನು ಬರೆಯುತ್ತಿರುವ ಪತ್ರದಲ್ಲಿ ಎರಡು ಕೋರಿಕೆಗಳಿವೆ ಎಂದು ತಿಳಿಸಿದೆ. ವಯಸ್ಸಾದವರ ಮನೆಗೇ ಹೋಗಿ ಬಂದೂಕು ಖಾಲಿ ಇದೆಯೇ ಎಂದು ನೋಡಿಕೊಡುವ ವ್ಯವಸ್ಥೆ ಬೇಕು ಎನ್ನುವುದು ಮೊದಲನೆಯದು. ಅದಕ್ಕೆ ಕ್ಲಬ್ಬಿನ ಸದಸ್ಯರನ್ನು ಕಳುಹಿಸುತ್ತೇನೆ, ನನ್ನ ಸಹಿಯನ್ನೂ ಹಾಕುತ್ತೇನೆ ಎಂದರು. ಮುಂದಿನ ಬೈಬ್ಯಾಕಿನಲ್ಲಿ ಪೊಲೀಸರ ಪಕ್ಕದಲ್ಲೇ ಕ್ಲಬ್ಬಿನವರೂ ಕುಳಿತು ಬೆಲೆಬಾಳುವ ಕೋವಿಗಳನ್ನು ಗುರುತಿಸಿ ಹೇಳಲಿ ಎನ್ನುವುದು ಎರಡನೆಯದು. ಅದಕ್ಕೆ ಅವರು ಒಪ್ಪಲಿಲ್ಲ. ಅಟಾರ್ನಿ ಜನರಲ್ ಕಚೇರಿಯ ಬ್ಯಾನರಿನ ಕೆಳಗೆ ತಾವು ಕೂರುವುದಿಲ್ಲ, ರಸ್ತೆಯ ಈಚೆ ಬದಿಯಲ್ಲಿ ತಮ್ಮದೇ ಮೇಜು ಹಾಕಿಕೊಳ್ಳಲು ಬಿಟ್ಟು, ಕಾರುಗಳು ಮೊದಲು ತಮ್ಮ ಬಳಿ ನಿಂತು ಹೋಗುವಂತೆ ಮಾಡಿದರೆ ಬರುತ್ತೇವೆ ಎಂದರು. ಪತ್ರದ ಎರಡನೆಯ ಕೋರಿಕೆಯನ್ನು ಅವರು ಹೇಳಿದಂತೆಯೇ ತಿದ್ದಿದ್ದೇನೆ.