ಹದಿಮೂರು ಅಡಿ ಟೇಪು

2022ರ ಜುಲೈ. ಆಗ ನಾನು ಟೆಕ್ಸಾಸ್‌ನ ಲಬಕ್‌ನಲ್ಲಿ ಓದುತ್ತಿದ್ದೆ. ನಮ್ಮ ಬಾಡಿಗೆ ಮನೆಯ ಮಾಲೀಕರ ಅಣ್ಣ ಅಲ್ಲಿಂದ ದಕ್ಷಿಣಕ್ಕೆ, ಲಿನ್ ಕೌಂಟಿಯಲ್ಲಿ ಹತ್ತಿ ಬೆಳೆಯುವವರು. ನಾನು ರಾಯಚೂರು ಕಡೆಯ ಹತ್ತಿ ರೈತನ ಮಗ ಅಂತ ಗೊತ್ತಾದ ಮೇಲೆ, "ನಾಳೆ ವಿಮೆಯವರು ಹೊಲಕ್ಕೆ ಬರ್ತಾರೆ, ನೀನೂ ಬಾ" ಎಂದು ಕರೆದರು.

ಹೊಲ ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಮಳೆ ನಂಬಿದ ಕೆಂಪು ಮಸಾರಿ ಭೂಮಿ. ಮಳೆಯೇ ಇಲ್ಲ. ಗಿಡ ಗೇಣುದ್ದ, ಅದೂ ಅಲ್ಲೊಂದು ಇಲ್ಲೊಂದು. ಆ ವರ್ಷ ಟೆಕ್ಸಾಸ್‌ನಲ್ಲಿ ಬಿತ್ತಿದ ಹತ್ತಿಯಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಕೊಯ್ಲೇ ಕಾಣಲಿಲ್ಲ.

ವಿಮೆಯವನು ಟೇಪು ಬಿಚ್ಚಿ ಸಾಲಿನ ಗುಂಟ ಹದಿಮೂರು ಅಡಿ ಅಳೆದ. ಸಾಲಿನಿಂದ ಸಾಲಿಗೆ ನಲವತ್ತು ಇಂಚು ಅಂತರ ಇದ್ದರೆ ಅಷ್ಟು ಉದ್ದ ಎಕರೆಯ ಸಾವಿರದ ಒಂದು ಪಾಲಾಗುತ್ತದೆ. ಮೊಣಕಾಲೂರಿ ಕೂತು, ಬದುಕಿದ್ದ ಒಂದೊಂದು ಗಿಡವನ್ನೂ ಬೆರಳಿನಿಂದ ಮುಟ್ಟಿ ಎಣಿಸಿದ. ಬರೆದುಕೊಂಡ. ಎದ್ದು ಇನ್ನೊಂದು ಕಡೆ ಹೋಗಿ ಮತ್ತೆ ಟೇಪು ಹಾಸಿದ. ಯಜಮಾನರು ಟೋಪಿ ಕೈಯಲ್ಲಿ ಹಿಡಿದು ಹಿಂದೆಯೇ ನಡೆದರು, ಒಂದು ಮಾತೂ ಆಡಲಿಲ್ಲ. ಅವನು ಒಪ್ಪಿಗೆ ಕೊಡುವವರೆಗೆ ಆ ಹೊಲವನ್ನು ಅವರು ಹರಗುವಂತಿಲ್ಲ.

ಮಧ್ಯಾಹ್ನ ಅಡುಗೆಮನೆ ಮೇಜಿನ ಮೇಲೆ ಕಾಗದಗಳನ್ನು ಹರಡಿ ನನಗೆ ಲೆಕ್ಕ ಹೇಳಿದರು. ಅಲ್ಲಿ ಬೆಳೆ ವಿಮೆಯ ಕಂತಿನಲ್ಲಿ ಸರಾಸರಿ ನೂರಕ್ಕೆ ಅರವತ್ತರಷ್ಟು ಸರಕಾರವೇ ಕಟ್ಟುತ್ತದೆ. ಅದಲ್ಲದೆ, ಬೀಜ ಸಮೇತದ ಹತ್ತಿಯ ಬೆಲೆ ಆಗ ಪೌಂಡಿಗೆ 36.7 ಸೆಂಟಿಗಿಂತ ಇಳಿದರೆ ಅಂತರದ ಹಣ ಬರುತ್ತಿತ್ತು. ಆ ಹಣಕ್ಕೆ ಈ ವರ್ಷ ಏನು ಬೆಳೆದಿರಿ ಎಂದು ನೋಡುವುದಿಲ್ಲ, ಹಿಂದೆಂದೋ ದಾಖಲೆಯಾದ ಎಕರೆಗೆ ಕೊಡುತ್ತಾರೆ, ಅದರಲ್ಲೂ 85 ಪ್ರತಿಶತಕ್ಕೆ. ಆ ವರ್ಷ ಬೆಲೆ ಏರಿತ್ತು, ಹಾಗಾಗಿ ಅವರು ನಂಬಿದ್ದು ವಿಮೆಯನ್ನೇ.

ಇಂಥ ನೆರವು ಜಗತ್ತಿನ ಹತ್ತಿ ಬೆಲೆಯನ್ನು ತುಳಿಯುತ್ತದೆ ಎಂದು 2002ರಲ್ಲಿ ಬ್ರೆಜಿಲ್ ದೇಶ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟು ಗೆದ್ದಿತ್ತು. ಅಮೆರಿಕದವರು 2014ರ ಕೃಷಿ ಕಾಯ್ದೆಯಲ್ಲಿ ಹತ್ತಿಯನ್ನು ಬೆಲೆ ನೆರವಿನ ಪಟ್ಟಿಯಿಂದ ಕೈಬಿಟ್ಟರು, 2018ರಲ್ಲಿ ಬೀಜ ಸಮೇತದ ಹತ್ತಿ ಎಂಬ ಹೆಸರಿನಲ್ಲಿ ಮತ್ತೆ ಸೇರಿಸಿದರು. ಬ್ರೆಜಿಲ್ ಹೇಳಿದ್ದು ನಿಜವೆಂದೇ ನಾನು ನಂಬುತ್ತೇನೆ. ಆ ಬೆಲೆಯ ಬಿಸಿ ತಟ್ಟುವುದು ನಮ್ಮ ಅಪ್ಪನಂಥವರಿಗೆ. ಆದರೂ ಆ ಮೇಜಿನ ಮುಂದೆ ಕೂತಾಗ ಆ ಹಿರಿಯರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬ್ಯಾಂಕಿನ ಸಾಲದ ಕಾಗದವೂ ಅಲ್ಲೇ ಇತ್ತು.

ನನ್ನ ಎದೆಯಲ್ಲಿ ಕೂತದ್ದು ಆ ಟೇಪು. 2018ರ ಬರದಲ್ಲಿ ನಮ್ಮ ಹೊಲವೂ ಹೀಗೇ ಒಣಗಿತ್ತು. ಅಪ್ಪ ಹತ್ತಿಗೆ ವಿಮೆ ಮೊತ್ತದ ಐದು ಪ್ರತಿಶತ ಕಂತು ಕಟ್ಟಿದ್ದರು. ನಮ್ಮಲ್ಲಿ ಬರಕ್ಕೆ ಒಬ್ಬೊಬ್ಬರ ಹೊಲ ನೋಡುವುದಿಲ್ಲ. ಆಯ್ದ ಹೊಲಗಳಲ್ಲಿ ಬೆಳೆ ಕಟಾವು ಮಾಡಿ, ಆ ಸರಾಸರಿಯನ್ನೇ ಎಲ್ಲರಿಗೂ ಹಚ್ಚುತ್ತಾರೆ. ಆ ಲೆಕ್ಕದ ಪರಿಹಾರವೂ ನಮಗೆ ಸಿಗಲಿಲ್ಲ. ಸಮೀಕ್ಷೆಯಲ್ಲಿ ಯಾರೋ ನಮ್ಮ ಹೊಲಕ್ಕೆ ತೊಗರಿ ಎಂದು ಬರೆದಿದ್ದರು, ಪಹಣಿಯಲ್ಲೂ ಅದೇ ಬಿತ್ತು. ಅಪ್ಪ ಒಣಗಿದ ಹತ್ತಿ ಕಟ್ಟಿಗೆಯ ಒಂದು ಕಟ್ಟನ್ನೇ ಕಚೇರಿಗೆ ಒಯ್ದು ತೋರಿಸಿದ್ದರು. ಕಟ್ಟಿಗೆ ಹೊರಗಿಡಿ ಎಂದರಂತೆ.

ರಾತ್ರಿ ಊರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಪೂರ್ತಿ ಕೇಳಿ ಅಪ್ಪ ಒಂದೇ ಮಾತು ಕೇಳಿದರು: "ಕಾಗದದಾಗ ಏನಂತ ಬರಕೊಂಡ ಅವ?"

"ಹತ್ತಿ ಅಂತನೇ, ಅಪ್ಪಾ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಚಲೋ ಆತು ಬಿಡು, ಪಾಪ, ಅವರದಾರ ಆಗ್ಲಿ" ಅಂದರು.